ಕನ್ನಡ ಕಲಿಸುವವರಿಗೆ ಕಲಿಸುವವರಾರು?

ಕನ್ನಡವನ್ನು ಕಲಿಸಲು ಕನ್ನಡಿಗನಾಗಿ ಹುಟ್ಟಿದರೆ ಸಾಕೆಂಬ ಒಂದು ಮತವು ನಮ್ಮಲ್ಲಿ ಬಹುಕಾಲದಿಂದ ಬೇರೂರಿರುವದು. ಇದನ್ನು ಯಾರೂ ಬಾಯಿಬಿಟ್ಟು ಹೇಳುವದಿಲ್ಲ. ಹೇಳಿದರೆ ನಗೆಗೀಡಾಗುವೆವೆಂಬ ಭಯವಿದೆ. ಆದರೆ ನಡೆಯಲ್ಲಿ ಎಲ್ಲರೂ ಇದನ್ನೇ ಪಾಲಿಸುತ್ತಿರುವರು. ಶಾಲೆಯಲ್ಲಿ ಗಣಿತದ ಶಿಕ್ಷಕರಿಲ್ಲದಿದ್ದರೆ ಮುಖ್ಯಾಧ್ಯಾಪಕರು ಅರ್ಜಿಯ ಮೇಲೆ ಅರ್ಜಿ ಬರೆಯುವರು. ಕನ್ನಡದ ಶಿಕ್ಷಕರಿಲ್ಲದಿದ್ದರೆ ಆ ಹೊತ್ತಿಗೆ ಬಿಡುವಾಗಿರುವವರನ್ನು ತರಗತಿಗೆ ಕಳುಹಿಸಿ ಸಮಾಧಾನಪಡುವರು. ‘ಕನ್ನಡವಲ್ಲವೇ, ಯಾರಾದರೇನು?’ ಎಂಬ ಮಾತು ಇಂಥ ಸಮಯದಲ್ಲಿ ಎಷ್ಟು ಸಹಜವಾಗಿ ಹೊರಡುವದೆಂಬುದನ್ನು ನಮ್ಮ ಶಿಕ್ಷಕ ವಾಚಕರು ಬಲ್ಲರು. ವ್ಯಾಜ್ಯದ ಮನೆಯಲ್ಲಿ ಹುಟ್ಟಿದವರೆಲ್ಲ ವಕೀಲರಾಗುವದಿಲ್ಲ; ಹಾಗಾಗುವಂತಿದ್ದರೆ ನಮ್ಮ ಸೀಮೆಯ ಪ್ರತಿಯೊಬ್ಬ ಹೊಲದೊಡೆಯನೂ ಸನದು ಪಡೆದಿರುತ್ತಿದ್ದನು. ತಾಯಿನುಡಿಯನ್ನು ಆಡುವದು ಒಂದು, ಅದನ್ನು ನಲವತ್ತು ಮಕ್ಕಳಿಗೆ ಓದಲೂ ಬರೆಯಲೂ ಕಲಿಸುವದು ಇನ್ನೊಂದು. ಎರಡನೆಯದು ಒಂದು ವಿದ್ಯೆ. ಅದಕ್ಕೆ ಅಭ್ಯಾಸ ಬೇಕು, ಗುರು ಬೇಕು, ವರ್ಷವರ್ಷವೂ ಅದನ್ನು ಮಸೆಯಬೇಕು.

ಪ್ರತಿವರ್ಷ ನವೆಂಬರ 1ರಂದು ನಾವು ಕನ್ನಡದ ದುಃಸ್ಥಿತಿಗೆ ಕಾರಣಗಳನ್ನು ಎಣಿಸುತ್ತೇವೆ. ಇಂಗ್ಲಿಷಿನ ಮೋಹ, ತಾಯಿತಂದೆಗಳ ಅಭಿಮಾನಶೂನ್ಯತೆ, ಸರಕಾರದ ಔದಾಸೀನ್ಯ, ಕೈಯೊಳಗಿನ ದೂರವಾಣಿ — ಇವೆಲ್ಲ ವೇದಿಕೆಯ ಮೇಲೆ ಸಾಲಾಗಿ ಬಂದು ಹೋಗುವವು. 1956ರಲ್ಲಿ ಹರಿದುಹಂಚಿಹೋದ ಸೀಮೆಗಳು ಒಂದುಗೂಡಿದವು. 1973ರಲ್ಲಿ ನಾಡಿಗೆ ಕರ್ನಾಟಕವೆಂಬ ಹೆಸರು ಬಂದಿತು. ಅಂದಿನಿಂದ ಇಂದಿನವರೆಗೆ ಹಾರ ಹಾಕಿಸಿಕೊಂಡ ಭಾಷಣಕಾರರಲ್ಲಿ ಎಷ್ಟು ಜನ, ಕನ್ನಡದ ಮಾಸ್ತರರಿಗೆ ಕನ್ನಡವನ್ನು ಕಲಿಸುವ ವಿಧಾನವನ್ನು ಯಾರು ಕಲಿಸಿದರು, ಎಷ್ಟು ದಿನ ಕಲಿಸಿದರು, ಆಮೇಲೆ ಯಾರು ನೋಡಿದರು ಎಂದು ಕೇಳಿದ್ದಾರೆ? ಈ ಪ್ರಶ್ನೆಯಲ್ಲಿ ಚಪ್ಪಾಳೆಗೆ ಅವಕಾಶವಿಲ್ಲ. ಆದುದರಿಂದ ಅದು ಕೇಳಿಬರುವದಿಲ್ಲ.

ಈಗ ಈ ಪ್ರಶ್ನೆಯನ್ನು ತಪ್ಪಿಸಿಕೊಳ್ಳುವಂತಿಲ್ಲ. ಅದಕ್ಕೆ ಕಾರಣವನ್ನು ಕಾಯಿದೆಯ ದೃಷ್ಟಿಯಿಂದಲೇ ಹೇಳುವೆವು. 1994ರಲ್ಲಿ ಕರ್ನಾಟಕ ಸರಕಾರವು ಒಂದರಿಂದ ನಾಲ್ಕನೆಯ ತರಗತಿಯವರೆಗೆ ತಾಯಿನುಡಿಯೇ ಇಲ್ಲವೆ ಕನ್ನಡವೇ ಮಾಧ್ಯಮವಾಗಿರಬೇಕೆಂದು ಆಜ್ಞೆ ಹೊರಡಿಸಿತು. ಇಪ್ಪತ್ತು ವರ್ಷಗಳ ವ್ಯಾಜ್ಯದ ತರುವಾಯ, 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಸಂವಿಧಾನಪೀಠವು, ಪ್ರಾಥಮಿಕ ಶಾಲೆಯಲ್ಲಿ ತಾಯಿನುಡಿಯ ಮಾಧ್ಯಮವನ್ನು ಸರಕಾರವು ಬಲವಂತದಿಂದ ಹೇರಲಾಗದೆಂದು ತೀರ್ಪಿತ್ತಿತು. ಮರುವರ್ಷ, 2015ರಲ್ಲಿ, ಕನ್ನಡ ಭಾಷಾ ಕಲಿಕೆ ಅಧಿನಿಯಮವು ಬಂದು ಎಲ್ಲ ಶಾಲೆಗಳಲ್ಲಿಯೂ ಕನ್ನಡವು ಪ್ರಥಮ ಇಲ್ಲವೆ ದ್ವಿತೀಯ ಭಾಷೆಯಾಗಿ ಕಡ್ಡಾಯವಾಯಿತು. ಇವೆರಡನ್ನೂ ಜೋಡಿಸಿ ಓದಿರಿ. ಮಾಧ್ಯಮದ ಕೋಟೆಯನ್ನು ಆಜ್ಞೆಯಿಂದ ಕಾಯುವ ಹಾದಿ ಮುಚ್ಚಿತು; ಕನ್ನಡವನ್ನು ಒಂದು ವಿಷಯವಾಗಿ ಕಲಿಸುವ ಹಾದಿ ಮಾತ್ರ ಎಲ್ಲ ಶಾಲೆಗಳಿಗೂ ತೆರೆಯಿತು. ಅಂದರೆ ಇನ್ನು ಮೇಲೆ ಕನ್ನಡದ ಪಕ್ಷವನ್ನು ವಾದಿಸುವ ವಕೀಲರು ತರಗತಿಯಲ್ಲಿ ಸೀಮೆಸುಣ್ಣ ಹಿಡಿದು ನಿಂತಿರುವ ಮಾಸ್ತರರೇ. ಆ ವಕೀಲರನ್ನು ನಾವು ಕಾಗದಪತ್ರಗಳಿಲ್ಲದೆ, ತಯಾರಿಯಿಲ್ಲದೆ ಕಟಕಟೆಯ ಮುಂದೆ ನಿಲ್ಲಿಸಿರುವೆವು.

ಪರಕೀಯರ ಆಳಿಕೆಯಲ್ಲಿಯೂ ಈ ಮಾತು ಕೆಲವರಿಗೆ ಹೊಳೆದಿತ್ತು. 1854ರ ವುಡ್ ಸಾಹೇಬರ ಖಲೀತೆಯು ದೇಶಭಾಷೆಗಳ ಶಾಲೆಗಳನ್ನೂ ಶಿಕ್ಷಕರನ್ನು ತಯಾರಿಸುವ ನಾರ್ಮಲ್ ಶಾಲೆಗಳನ್ನೂ ಒಟ್ಟಿಗೇ ಹೇಳಿತು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲಲಾರದೆಂಬುದು ಅದನ್ನು ಬರೆದವರಿಗೆ ತಿಳಿದಿದ್ದಿತು. ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಗಳಲ್ಲಿ ಮರಾಠಿಯ ಪ್ರಾಬಲ್ಯವು ಮೆರೆಯುತ್ತಿದ್ದ ಆ ದಿನಗಳಲ್ಲಿ ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಶಾಲೆಗಳಿಗಾಗಿ ದುಡಿದಾಗ, ಶಾಲೆಯ ಗೋಡೆಗಿಂತ ಮೊದಲು ಶಾಲೆಯ ಮಾಸ್ತರರ ಚಿಂತೆಯನ್ನು ಮಾಡಿದರು. 1865ರಲ್ಲಿ ‘ಮಠಪತ್ರಿಕೆ’ ಹುಟ್ಟಿತು. ಮಠವೆಂದರೆ ಆಗ ಸಾಲೆ. ಕನ್ನಡ ಸಾಲೆಯ ಮಾಸ್ತರರಿಗಾಗಿಯೇ ಒಂದು ಕನ್ನಡ ಪತ್ರಿಕೆ! ಮುಂದೆ ಅದೇ ‘ಶಾಲಾಪತ್ರಿಕೆ’ಯಾಯಿತು, ವೆಂಕಟ ರಂಗೋ ಕಟ್ಟಿಯವರಂಥ ಪಂಡಿತರು ಅದರ ಸಂಪಾದಕತ್ವವನ್ನು ಹೊತ್ತರು. ಹಳ್ಳಿಯಲ್ಲಿ ಒಂಟಿಯಾಗಿ ಕುಳಿತ ಮಾಸ್ತರನಿಗೆ ತನ್ನ ಕಸುಬಿನ ಮಾತು ತನ್ನ ನುಡಿಯಲ್ಲಿ ತಲುಪುತ್ತಿದ್ದಿತು. ದಕ್ಷಿಣ ಕನ್ನಡದಲ್ಲಿ ಪಂಜೆ ಮಂಗೇಶರಾಯರು ಶಾಲಾ ತನಿಖೆಯ ಅಧಿಕಾರಿಗಳಾಗಿದ್ದುಕೊಂಡೇ ಮಕ್ಕಳಿಗೆ ಹಾಡು ಕಟ್ಟಿದರು, ಕಥೆ ಬರೆದರು. 1921ರಲ್ಲಿ ಮಂಗಳೂರಿನಲ್ಲಿ ಬಾಲಸಾಹಿತ್ಯ ಮಂಡಲವನ್ನು ಹೂಡಿದರು. ತನಿಖೆಗೆ ಬಂದ ಅಧಿಕಾರಿಯಿಂದ ಶಿಕ್ಷಕನು ಏನನ್ನಾದರೂ ಕಲಿಯಬಹುದಾಗಿದ್ದ ಕಾಲವದು. ಇಂದು ತನಿಖೆಗೆ ಬಂದವರು ಮೊದಲು ಕೇಳುವದು ಬಿಸಿಯೂಟದ ಲೆಕ್ಕವನ್ನು, ಆಮೇಲೆ ಕೇಳುವದು ಗಣಕಯಂತ್ರದಲ್ಲಿ ತುಂಬಿದ ಅಂಕಿಗಳನ್ನು. ಲೆಕ್ಕವು ಬೇಡವೆಂದು ನಾವು ಹೇಳುವದಿಲ್ಲ. ಆದರೆ ಮಗು ಓದುವದನ್ನು ಕೇಳುವಷ್ಟು ಹೊತ್ತು ಉಳಿಯುವದೇ?

ಹಾಗಾದರೆ ಕಲಿಸಬೇಕಾದದ್ದು ಅಂಥದೇನಿದೆ ಎನ್ನುವವರಿಗೆ ನಾವು ಮೊದಲು ನಮ್ಮ ಲಿಪಿಯನ್ನೇ ತೋರಿಸುವೆವು. ಕನ್ನಡವು ಉಚ್ಚರಿಸಿದಂತೆ ಬರೆಯುವ ಭಾಷೆ, ಆದುದರಿಂದ ಸುಲಭವೆಂದು ನಾವು ಹೆಮ್ಮೆಪಡುತ್ತೇವೆ. ಹೆಮ್ಮೆಯು ಬಹುಮಟ್ಟಿಗೆ ಸರಿ. ಆದರೆ ಅದು ಬಲ್ಲವರ ಹೆಮ್ಮೆ, ಕಲಿಯುವವರದಲ್ಲ. ವರ್ಣಮಾಲೆಯ ಅಕ್ಷರಗಳು 49. ಆದರೆ ಮಗು ಗುರುತಿಸಬೇಕಾದ ರೂಪಗಳು 49ಕ್ಕೆ ನಿಲ್ಲುವವೇ? 34 ವ್ಯಂಜನಗಳ ಕಾಗುಣಿತವೇ 400ನ್ನು ಮೀರುವದು. ಅದರ ಮೇಲೆ ಒತ್ತಕ್ಷರಗಳು. ‘ಆಸ್ತಿ’ ಎಂಬ ಶಬ್ದವನ್ನು ತೆಗೆದುಕೊಳ್ಳಿರಿ. ನಾವು ಉಚ್ಚರಿಸುವಾಗ ಇಕಾರವು ತಕಾರದ ಬಳಿಕ ಬರುವದು. ಬರೆಯುವಾಗ ಇಕಾರದ ಗುಡಿಸನ್ನು ಸಕಾರದ ನೆತ್ತಿಗೆ ಕಟ್ಟಿ, ತಕಾರವನ್ನು ಕಾಲಕೆಳಗೆ ಇಡುವೆವು. ಹೊಸದಾಗಿ ಓದುವ ಮಗು ‘ಆಸಿತ’ ಎಂದರೆ ಅದರ ತಪ್ಪೇನು? ಕಣ್ಣಿಗೆ ಕಂಡಂತೆ ಅದು ಓದಿತು. ‘ಸೂರ್ಯ’ದಲ್ಲಿ ಇನ್ನೂ ಸೋಜಿಗ: ರಕಾರವನ್ನು ಯಕಾರಕ್ಕಿಂತ ಮೊದಲು ನುಡಿಯುವೆವು, ಅರ್ಕಾವೊತ್ತನ್ನು ಯಕಾರದ ಬಳಿಕ ಬರೆಯುವೆವು. ಈ ಒಂದು ಚಿಹ್ನೆಯ ಮುಂದೆ ಎಡವಿ ದಡ್ಡರೆನಿಸಿಕೊಂಡ ಮಕ್ಕಳಿಗೆ ಲೆಕ್ಕವಿಲ್ಲ. ಮಗುವು ಎಡವುವದು ಎಲ್ಲಿ, ಏಕೆ ಎಂಬುದನ್ನು ಬಲ್ಲ ಮಾಸ್ತರರು ಐದು ನಿಮಿಷದಲ್ಲಿ ಅದನ್ನು ದಾಟಿಸುವರು. ಬಲ್ಲದವರು ‘ಹತ್ತು ಸಲ ಬರೆ’ ಎನ್ನುವರು. ಹತ್ತು ಸಲ ಬರೆದ ಮೇಲೆ ಮಗುವಿಗೆ ಬರೆಯುವ ಬೇಸರವು ಬರುವದೇ ಹೊರತು ಓದು ಬಾರದು.

ಕನ್ನಡ ಮಕ್ಕಳ ಓದನ್ನು ಕುರಿತು ಸೋನಾಲಿ ನಾಗ್ ಎಂಬ ವಿದುಷಿಯವರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯು, ನಮ್ಮ ಅಕ್ಷರಗಳನ್ನು ಮಕ್ಕಳು ಪೂರ್ತಿಯಾಗಿ ವಶಪಡಿಸಿಕೊಳ್ಳಲು ಮೊದಲ ಒಂದೆರಡು ವರ್ಷಗಳು ಸಾಲವು, ನಾಲ್ಕನೆಯ ತರಗತಿಯವರೆಗೂ ಆ ಕಲಿಕೆಯು ನಡೆದೇ ಇರುವದೆಂದು ತೋರಿಸಿತು. ಈ ಒಂದು ಸಂಗತಿಯು ನಮ್ಮ ಎಲ್ಲ ಮೂರನೆಯ, ನಾಲ್ಕನೆಯ ತರಗತಿಯ ಮಾಸ್ತರರಿಗೆ ತಿಳಿದಿದ್ದರೆ ಸಾಕಾಗಿತ್ತು! ತಿಳಿಯದ್ದರಿಂದ ಮೂರನೆಯ ತರಗತಿಯವರು ಎರಡನೆಯ ತರಗತಿಯವರನ್ನೂ, ಎರಡನೆಯವರು ಒಂದನೆಯವರನ್ನೂ, ಒಂದನೆಯವರು ಅಂಗನವಾಡಿಯನ್ನೂ, ಎಲ್ಲರೂ ಸೇರಿ ತಾಯಿತಂದೆಗಳನ್ನೂ ದೂರುತ್ತ ವರ್ಷ ಕಳೆಯುವರು. ಒತ್ತಕ್ಷರವನ್ನು ಮತ್ತೆ ಹೇಳಿಕೊಡುವದು ತನ್ನ ಕೆಲಸವೇ ಎಂದು ನಾಲ್ಕನೆಯ ತರಗತಿಯಲ್ಲಿ ತಿಳಿದವರು ವಿರಳ.

ವರ್ಣಮಾಲೆಯ ಕ್ರಮದ ಮಾತೂ ಇಲ್ಲಿಯೇ ಬರುವದು. ನಮ್ಮ ವರ್ಣಮಾಲೆಯು ಶಾಸ್ತ್ರೀಯವಾದದ್ದು. ಕಂಠದಿಂದ ತುಟಿಯವರೆಗೆ ನಾದವು ಹುಟ್ಟುವ ಸ್ಥಾನಗಳನ್ನು ಅನುಸರಿಸಿದ ಆ ಜೋಡಣೆಯು ನಮ್ಮ ಪೂರ್ವಜರ ಬುದ್ಧಿಗೆ ಸಾಕ್ಷಿ. ಆದರೆ ಶಾಸ್ತ್ರದ ಕ್ರಮವೇ ಕಲಿಕೆಯ ಕ್ರಮವಾಗಬೇಕೆಂಬ ನಿಯಮವಿಲ್ಲ. ಙಕಾರ, ಞಕಾರಗಳನ್ನು ತಿದ್ದಿ ತಿದ್ದಿ ಬರೆಸುವ ಹೊತ್ತಿನಲ್ಲಿ ಮಗು ಹತ್ತು ಶಬ್ದಗಳನ್ನು ಓದಬಹುದಾಗಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲೂಕಿನ ಕೆಲವು ಶಾಲೆಗಳಲ್ಲಿ ‘ನಲಿ-ಕಲಿ’ಯು ಆರಂಭವಾದಾಗ ಈ ಮಾತನ್ನು ಧೈರ್ಯದಿಂದ ಕೈಗೊಂಡರು. ರ, ಗ, ಸ, ದ, ಅ ಎಂದು ಸುಲಭವಾದ ಐದು ಅಕ್ಷರಗಳನ್ನು ಮೊದಲು ಕೊಟ್ಟರೆ ಗರಗಸ, ಅರಸ, ಸರ, ದರ ಎಂಬ ಶಬ್ದಗಳು ಕೆಲವೇ ದಿನಗಳಲ್ಲಿ ಮಗುವಿನ ಕೈಗೆ ಬರುವವು. ಓದಿದೆನೆಂಬ ಸಂತೋಷವು ಮೊದಲ ತಿಂಗಳಲ್ಲಿಯೇ ಸಿಕ್ಕಿತೆಂದರೆ ಉಳಿದ ಅಕ್ಷರಗಳಿಗೆ ಮಗುವೇ ಕೈನೀಡುವದು.

ಆ ಪ್ರಯೋಗದಲ್ಲಿ ನಮಗೆ ಮುಖ್ಯವೆನಿಸುವದು ಅಕ್ಷರಗಳ ಸರದಿಯಲ್ಲ, ಅದು ಹುಟ್ಟಿದ ಬಗೆ. ಸಾಮಾನ್ಯ ಸರಕಾರಿ ಶಾಲೆಯ ಮಾಸ್ತರರು ಆಂಧ್ರದ ರಿಷಿವ್ಯಾಲಿಗೆ ಹೋಗಿ, ಅಲ್ಲಿಯ ಹಳ್ಳಿಯ ಶಾಲೆಗಳಲ್ಲಿ ಕಲಿಸುವದನ್ನು ಕಣ್ಣಾರೆ ಕಂಡು, ಮರಳಿ ಬಂದು ತಾವೇ ಕುಳಿತು ಕಾರ್ಡುಗಳನ್ನು ಬರೆದರು. ನೋಡಿದರು, ಮಾಡಿದರು, ತಪ್ಪಿದ್ದನ್ನು ತಿದ್ದಿದರು. ಇದಕ್ಕಲ್ಲವೇ ತರಬೇತಿಯೆನ್ನುವದು? 2009ರ ಸುಮಾರಿಗೆ ಅದೇ ಪದ್ಧತಿಯು ಆಜ್ಞೆಯ ರೂಪದಲ್ಲಿ ರಾಜ್ಯದ ಎಲ್ಲ ಕನ್ನಡ ಸರಕಾರಿ ಶಾಲೆಗಳಿಗೆ ಹೋಯಿತು. ಕಾರ್ಡುಗಳು ತಲುಪಿದವು, ಆದರೆ ಹೆಗ್ಗಡದೇವನಕೋಟೆಯವರು ಪಟ್ಟ ಪ್ರಯಾಸವನ್ನು ಪೆಟ್ಟಿಗೆಯಲ್ಲಿ ಕಟ್ಟಿ ಕಳುಹಿಸುವದು ಸಾಧ್ಯವಿರಲಿಲ್ಲ. ಅನೇಕ ಕಡೆ ಅದು ಒಂದು ಹೊಸ ಹೊರೆಯಂತೆ ಕಂಡಿತೆಂದರೆ ಅದಕ್ಕೆ ಪದ್ಧತಿಯನ್ನಾಗಲಿ ಮಾಸ್ತರರನ್ನಾಗಲಿ ಜರಿದು ಫಲವಿಲ್ಲ.

ಇನ್ನು ಕಲಿಯುವ ಮಕ್ಕಳು ಯಾರು? ನಮ್ಮ ಪಠ್ಯಕ್ರಮವು, ಕನ್ನಡ ಶಾಲೆಗೆ ಬಂದವರೆಲ್ಲ ಮನೆಯಲ್ಲಿ ಪುಸ್ತಕದ ಕನ್ನಡವನ್ನೇ ಆಡುವರೆಂದು ಗ್ರಹಿಸಿದಂತಿದೆ. ಕರಾವಳಿಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕೊಡಗಿನಲ್ಲಿ ಕೊಡವ, ತಾಂಡಾಗಳಲ್ಲಿ ಲಂಬಾಣಿ, ಬೆಳಗಾವಿಯ ಗಡಿಯಲ್ಲಿ ಮರಾಠಿ, ಬಳ್ಳಾರಿ, ರಾಯಚೂರು, ಕೋಲಾರಗಳಲ್ಲಿ ತೆಲುಗು, ಊರೂರಲ್ಲಿ ಉರ್ದು. ಈ ಮನೆಗಳಿಂದ ಬಂದ ಮಗುವಿಗೆ ಕನ್ನಡವು ಎರಡನೆಯ ನುಡಿ. ಎರಡನೆಯ ನುಡಿಯನ್ನು ಕಲಿಸುವ ಬಗೆಯೇ ಬೇರೆ: ಮೊದಲು ಕಿವಿ, ಆಮೇಲೆ ಬಾಯಿ, ಅದರ ತರುವಾಯ ಕಣ್ಣು ಕೈಗಳು. ಮಗುವಿನ ಮನೆಯ ಮಾತನ್ನು ಮೆಟ್ಟಿಲಾಗಿ ಮಾಡಿಕೊಂಡು ಏರಬೇಕು. ಹಾಗೆ ಮಾಡದೆ, ಅರ್ಥವಾಗದ ಶಬ್ದಗಳ ಕಾಗುಣಿತವನ್ನು ಬರೆಸಿದರೆ ಮಗುವಿಗೆ ಕನ್ನಡದ ಮೇಲೆ ಪ್ರೀತಿ ಹುಟ್ಟೀತೇ? ರಾಜ್ಯಗಳು ಭಾಷಾವಾರಾಗಿ ಮರುರೂಪಗೊಂಡ 1956ರಲ್ಲಿಯೇ ಸಂವಿಧಾನಕ್ಕೆ 350-ಎ ಎಂಬ ಅನುಚ್ಛೇದವು ಸೇರಿತು. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ತಾಯಿನುಡಿಯ ಶಿಕ್ಷಣದ ಸೌಕರ್ಯವನ್ನು ರಾಜ್ಯಗಳು ಒದಗಿಸಲು ಯತ್ನಿಸಬೇಕೆಂದು ಅದು ಹೇಳುವದು. ನಮ್ಮ ಭಾಷೆಯನ್ನು ಇತರರು ಮರ್ಯಾದೆಯಿಂದ ಕಾಣಬೇಕೆಂದು ಹೋರಾಡಿ ನಾಡು ಕಟ್ಟಿದವರು ನಾವು. ನಮ್ಮ ತರಗತಿಯ ಮೂಲೆಯಲ್ಲಿ ಬಾಯಿಬಿಡದೆ ಕುಳಿತ ತಾಂಡಾದ ಮಗುವಿನ ನುಡಿಗೆ ಅದೇ ಮರ್ಯಾದೆಯನ್ನು ಕೊಡುವದು ನಮಗೆ ಅವಮಾನವಲ್ಲ.

ಮೈಸೂರಿನಲ್ಲಿ 1969ರಿಂದ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯಿರುವದು. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರಕ್ಕೆ ಪರಪ್ರಾಂತಗಳ ಶಾಲಾ ಶಿಕ್ಷಕರು ಬಂದು ಹತ್ತು ತಿಂಗಳಲ್ಲಿ ದಕ್ಷಿಣದ ಒಂದು ಭಾಷೆಯನ್ನು ಕಲಿಯುವರು. ಆ ಭಾಷೆಗಳಲ್ಲಿ ಕನ್ನಡವೂ ಒಂದು. ಅಂದರೆ ಕನ್ನಡವರಿಯದವರಿಗೆ ಕನ್ನಡ ಕಲಿಸುವ ವಿದ್ಯೆಯು ನಮ್ಮ ನಾಡಿನಲ್ಲಿಯೇ ಇದೆ. ಅರ್ಧ ಶತಮಾನದ ಅನುಭವವಿದೆ. ಆದರೆ 2015ರ ಅಧಿನಿಯಮದಿಂದ ಬೆಂಗಳೂರಿನ ಇಂಗ್ಲಿಷ್ ಶಾಲೆಯಲ್ಲಿ ಬಿಹಾರದ, ಬಂಗಾಲದ ಮಕ್ಕಳಿಗೆ ಕನ್ನಡ ಕಲಿಸಲು ನಿಂತವರು ಮೈಸೂರಿನ ಆ ಬಾಗಿಲನ್ನು ಎಂದಾದರೂ ಕಂಡಿರುವರೇ? ಕಾಯಿದೆಯು ವಿಷಯವನ್ನು ಕಡ್ಡಾಯ ಮಾಡಿತು. ವಿಧಾನವು ತಾನಾಗಿ ಉದ್ಭವಿಸುವದೆಂದು ಭಾವಿಸಲಾಯಿತು. ಇಂಗ್ಲಿಷಿನ ವಿಷಯದಲ್ಲಿ ಹೀಗೆ ಭಾವಿಸಲಿಲ್ಲವೆಂಬುದನ್ನು ಗಮನಿಸಿರಿ. ಇಂಗ್ಲಿಷ್ ಶಿಕ್ಷಕರನ್ನು ತರಬೇತುಗೊಳಿಸಲು 1958ರಲ್ಲಿ ಹೈದರಾಬಾದಿನಲ್ಲಿ ಕೇಂದ್ರ ಸಂಸ್ಥೆಯು, 1963ರಲ್ಲಿ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ಪ್ರಾದೇಶಿಕ ಸಂಸ್ಥೆಯು ಹುಟ್ಟಿದವು. ಕನ್ನಡಕ್ಕೂ ನಾವು ಸಂಸ್ಥೆಗಳನ್ನು ಕಟ್ಟಿದೆವು: ಹಂಪಿಯಲ್ಲಿ ವಿಶ್ವವಿದ್ಯಾಲಯ ಕಟ್ಟಿದೆವು, 2008ರಲ್ಲಿ ಶಾಸ್ತ್ರೀಯ ಸ್ಥಾನವನ್ನು ಪಡೆದೆವು. ಇವೆಲ್ಲ ಬೇಕಾದವೇ. ಆದರೆ ಒಂದನೆಯ ತರಗತಿಯ ಮಾಸ್ತರರ ಕೈಹಿಡಿಯುವದು ಇವುಗಳ ಮುಖ್ಯ ಕೆಲಸವಲ್ಲ. ಪಂಪನ ಪಾಠಾಂತರಕ್ಕೆ ಪಂಡಿತರುಂಟು. ‘ಸೂರ್ಯ’ವನ್ನು ಓದಲಾರದ ಮಗುವಿಗೆ ಯಾರುಂಟು?

ಹಿರಿಯ ತರಗತಿಗಳ ಅವಸ್ಥೆಯನ್ನು ಬೇಗನೆ ಹೇಳಿ ಮುಗಿಸುವೆವು, ಏಕೆಂದರೆ ಅದು ಎಲ್ಲರೂ ಬಲ್ಲದ್ದು. ಲೋಪಸಂಧಿಯ ಲಕ್ಷಣವನ್ನು ತಡವರಿಸದೆ ಒಪ್ಪಿಸುವ ಹುಡುಗನಿಗೆ ತಹಸೀಲದಾರರಿಗೆ ಒಂದು ಅರ್ಜಿ ಬರೆಯಲು ಬಾರದು. ಪದ್ಯದ ಸಾರಾಂಶವು ಗೈಡಿನಿಂದ ಹಲಗೆಗೆ, ಹಲಗೆಯಿಂದ ವಹಿಗೆ, ವಹಿಯಿಂದ ಪರೀಕ್ಷೆಯ ಉತ್ತರಪತ್ರಿಕೆಗೆ ಪ್ರಯಾಣ ಮಾಡುವದು. ದಾರಿಯಲ್ಲಿ ಯಾರ ತಲೆಯಲ್ಲಿಯೂ ಬಿಡಾರ ಮಾಡುವದಿಲ್ಲ. ಎಂ.ಎ.ದಲ್ಲಿ ಹಳಗನ್ನಡ, ಛಂದಸ್ಸು, ಬಿ.ಎಡ್.ದಲ್ಲಿ ಶಿಕ್ಷಣದ ಸಾಮಾನ್ಯ ತತ್ವಗಳು. ಇವೆರಡರ ನಡುವಿನ ಸಂದಿಯಲ್ಲಿ ಹುಡುಗನಿಂದ ಅವನದೇ ಒಂದು ವಾಕ್ಯವನ್ನು ಹೇಗೆ ಬರೆಯಿಸಬೇಕೆಂಬ ವಿದ್ಯೆಯು ಬಿದ್ದುಹೋಯಿತು.

ತರಬೇತಿ ನಡೆಯುತ್ತಿಲ್ಲವೇ ಎಂದು ಇಲಾಖೆಯವರು ಕೇಳಬಹುದು. ನಡೆಯುತ್ತಿರುವದು, ಬೇಕಾದಷ್ಟು ನಡೆಯುತ್ತಿರುವದು. 1986ರ ಶಿಕ್ಷಣನೀತಿಯಿಂದ ಜಿಲ್ಲೆಗೊಂದು ‘ಡಯಟ್’ ಬಂದಿತು. 2019ರಲ್ಲಿ ‘ನಿಷ್ಠಾ’ ಬಂದಿತು. 2020ರ ನೀತಿಯು ಪ್ರತಿ ಶಿಕ್ಷಕನಿಗೆ ವರ್ಷಕ್ಕೆ 50 ತಾಸಿನ ವೃತ್ತಿವಿಕಾಸವನ್ನು ಗೊತ್ತುಮಾಡಿತು. ನಮ್ಮ ಆಕ್ಷೇಪವು ತಾಸುಗಳ ಮೇಲಲ್ಲ. ತಾಸುಗಳಲ್ಲಿ ಏನು ತುಂಬಿದ್ದಾರೆಂಬುದರ ಮೇಲೆ. ರಾಜಧಾನಿಯಲ್ಲಿ ಕೆಲವರಿಗೆ ಹೇಳುವದು, ಅವರು ಜಿಲ್ಲೆಯಲ್ಲಿ ಹಲವರಿಗೆ ಹೇಳುವದು, ಅವರು ತಾಲೂಕಿನಲ್ಲಿ, ಅವರು ಕ್ಲಸ್ಟರಿನಲ್ಲಿ ಹೇಳುವದು. ಬಾವಿಯಿಂದ ಹೊರಟ ನೀರು ಸೋರುವ ಕಾಲುವೆಯಲ್ಲಿ ಹರಿದು ತುದಿಯ ಹೊಲಕ್ಕೆ ತೇವವಾಗಿ ಮಾತ್ರ ಮುಟ್ಟುವಂತೆ, ವಿಷಯವು ಮಾಸ್ತರರಿಗೆ ಮುಟ್ಟುವಷ್ಟರಲ್ಲಿ ಹಾಜರಿಯ ರುಜು ಮತ್ತು ಚಹ ಮಾತ್ರ ಪೂರ್ಣವಾಗಿ ಉಳಿಯುವವು. ಇಲ್ಲವೆ ಎಲ್ಲವೂ ದೂರವಾಣಿಯ ಪರದೆಯ ಮೇಲೆ ನಡೆಯುವದು; ಕೊನೆಗೆ ಒಂದು ಪ್ರಮಾಣಪತ್ರವು ಇಳಿದುಬರುವದು. ಅಡಿಗೆಯನ್ನು ಚಿತ್ರದಲ್ಲಿ ನೋಡಿ ಉಂಡೆನೆಂದು ರುಜು ಹಾಕಿದಂತೆ! ಎಲ್ಲ ವಿಷಯಗಳ ಶಿಕ್ಷಕರನ್ನೂ ಒಂದೇ ಕೋಣೆಯಲ್ಲಿ ಕೂಡ್ರಿಸಿ ಹೇಳಿದ ಸಾಮಾನ್ಯ ಮಾತಿನಿಂದ ಅರ್ಕಾವೊತ್ತಿನ ತೊಡಕು ಬಿಡುವದೆಂದು ಯಾವ ಪುಣ್ಯಾತ್ಮರು ನಂಬಿರುವರೋ ತಿಳಿಯದು.

ಹೊತ್ತೂ ಇಲ್ಲವೆಂಬುದು ಎರಡನೆಯ ಸಬೂಬು. ಮಕ್ಕಳ ಉಚಿತ ಮತ್ತು ಕಡ್ಡಾಯ ಶಿಕ್ಷಣದ 2009ರ ಅಧಿನಿಯಮದ 27ನೆಯ ಕಲಮು ಸ್ಪಷ್ಟವಾಗಿದೆ: ದಶವಾರ್ಷಿಕ ಜನಗಣತಿ, ವಿಪತ್ಪರಿಹಾರ, ಚುನಾವಣೆ, ಇವುಗಳ ಹೊರತು ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ನಿಯೋಜಿಸಕೂಡದು. ಈ ಕಲಮನ್ನು ಅಕ್ಷರಶಃ ಪಾಲಿಸಿದರೆ ಎಷ್ಟು ತಾಸುಗಳು ಮಿಗುವವೆಂಬುದನ್ನು ಶಿಕ್ಷಕರ ಸಂಘಗಳೇ ಲೆಕ್ಕ ಹಾಕಿ ಸರಕಾರದ ಮುಂದಿಡಬಾರದೇಕೆ? ವೇತನದ, ವರ್ಗಾವಣೆಯ ಠರಾವುಗಳ ಜೊತೆಗೆ ಇದೂ ಒಂದು ಠರಾವು ಇರಲಿ.

ಶಿಕ್ಷಕ ಬಂಧುಗಳಿಗೂ ಒಂದು ಮಾತು. ‘ನಾನು ಇಪ್ಪತ್ತು ವರ್ಷ ಕಲಿಸಿದವನು, ನನಗೇನು ಕಲಿಸುವಿರಿ’ ಎಂಬ ಬಿಂಕವು ನಮ್ಮಲ್ಲಿ ಕೆಲವರಿಗೆ ಉಂಟು. ಇಪ್ಪತ್ತು ವರ್ಷ ಕಲಿಸಿದ್ದು ನಿಜವೇ, ಇಲ್ಲವೆ ಒಂದೇ ವರ್ಷವನ್ನು ಇಪ್ಪತ್ತು ಸಲ ನಡೆಸಿದ್ದೇ, ಅದನ್ನು ಅವರವರೇ ವಿಚಾರಿಸಿಕೊಳ್ಳಲಿ. ಕೆಟ್ಟ ತರಬೇತಿಯನ್ನು ತಿರಸ್ಕರಿಸುವ ಹಕ್ಕು ಒಳ್ಳೆಯ ತರಬೇತಿಯನ್ನು ಕೇಳಿದವರಿಗೆ ಮಾತ್ರ ಇರುವದು. ಅದನ್ನು ಕೇಳಲು ಕಾಸು ಬೇಕಿಲ್ಲ. ಒಂದು ಕ್ಲಸ್ಟರಿನ ಕನ್ನಡ ಶಿಕ್ಷಕರು ತಿಂಗಳಿಗೊಂದು ಶನಿವಾರ ಒಂದು ಶಾಲೆಯಲ್ಲಿ ಕೂಡಿ, ಒಬ್ಬರು ನಿಜವಾದ ಮಕ್ಕಳಿಗೆ ನಿಜವಾದ ಪಾಠ ಹೇಳುವದು, ಉಳಿದವರು ಹಿಂದೆ ಕುಳಿತು ಮಕ್ಕಳ ಮುಖವನ್ನು ನೋಡುವದು, ಆಮೇಲೆ ಒಂದು ತಾಸು ನಿಷ್ಠುರವಾಗಿ ಮಾತಾಡುವದು. ಮಕ್ಕಳ ವಹಿಗಳನ್ನು ಹರವಿಕೊಂಡು ಯಾವ ತಪ್ಪು ಎಷ್ಟು ಮಕ್ಕಳಲ್ಲಿ, ಏಕೆ ಎಂದು ಎಣಿಸುವದು. ಡಯಟಿನ ಉಪನ್ಯಾಸಕರು ಅಲ್ಲಿಗೆ ಬಂದು ತಾವೂ ಒಂದು ಪಾಠವನ್ನು ಹೇಳಿ ತೋರಿಸಲಿ. ಎರಡನೆಯ ನುಡಿಯಾಗಿ ಕಲಿಸುವ ಕ್ರಮಕ್ಕೆ ಮೈಸೂರಿನವರನ್ನು ಕರೆಯಿಸಲಿ.

ಮುಂದಿನ ತರಬೇತಿಯ ಸೂಚನಾಪತ್ರವು ಕೈಗೆ ಬಂದಾಗ, ಹೊರಡುವ ಮೊದಲು ಕನ್ನಡ ಶಿಕ್ಷಕರು ಎರಡು ಪ್ರಶ್ನೆಗಳನ್ನು ಕೇಳಲಿ: ಈ ತರಬೇತಿಯಲ್ಲಿ ಮಕ್ಕಳ ಮುಂದೆ ಪಾಠ ನಡೆಯುವದೇ? ಇಲ್ಲಿ ಕಲಿತದ್ದನ್ನು ನನ್ನ ತರಗತಿಯಲ್ಲಿ ನೋಡಲು ಮೂರು ತಿಂಗಳೊಳಗೆ ಯಾರು ಬರುವರು? ಬಾಯಿಮಾತಿನಲ್ಲಿ ಕೇಳಿ ಬಿಡಬಾರದು. ಬರೆದು ಕೊಡಿರಿ, ಪ್ರತಿಯ ಮೇಲೆ ಮುಟ್ಟಿದ್ದಕ್ಕೆ ರುಜು ಮತ್ತು ತಾರೀಖು ತೆಗೆದುಕೊಳ್ಳಿರಿ.